ಓಜ್ ನಾಡಿಗೆ ಮರುಪಯಣ

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಮಕ್ಕಳಿಗೆ ಯಾವ ಚಲಚ್ಚಿತ್ರವನ್ನು ತೋರಿಸಬಹುದೆಂದು ಅವರು ನಮ್ಮನ್ನು ಕೇಳುವುದುಂಟು. ಒಂದು ಕಥೆ ಹಿಡಿಸಿತೆಂದರೆ ಅದರ ಮುಂದಿನ ಭಾಗವೂ ಮಕ್ಕಳಿಗೆ ಬೇಕು. ಇಂತಹ ಮುಂದಿನ ಭಾಗಗಳು ಹಣದಾಸೆಯಿಂದ ಹುಟ್ಟಿದವು, ಮೊದಲಿನ ರಸ ಅವುಗಳಲ್ಲಿರದು ಎಂಬುದು ಹಿರಿಯರ ದೂರು. ಈ ದೂರು ಸುಳ್ಳೆನ್ನಲಾರೆವು. ಆದರೂ ಒಂದು ಚಿತ್ರದ ಪರವಾಗಿ ಎರಡು ಮಾತು ಹೇಳಬಯಸುತ್ತೇವೆ.

ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಓಜ್ ಎಂಬ ಮಾಯಾನಾಡಿನ ಕಥೆಯು 1939ರಲ್ಲಿ ಚಲಚ್ಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಡೊರೊಥಿ ಎಂಬ ಬಾಲಿಕೆ ಆ ನಾಡಿಗೆ ಮರಳಿ ಹೋಗುವ ಸಂಗೀತಮಯ ಚಿತ್ರವೇ ‘ಜರ್ನಿ ಬ್ಯಾಕ್ ಟು ಓಜ್’. ಇದು ನಟರಿಲ್ಲದೆ, ಚಲಿಸುವ ರೇಖಾಚಿತ್ರಗಳಿಂದಲೇ ರಚಿತವಾದುದು. ಫಿಲ್ಮೇಷನ್ ಸಂಸ್ಥೆಯು 1962ರಲ್ಲಿ ಆರಂಭಿಸಿದ ಕೆಲಸವು ಹಣವಿಲ್ಲದೆ ನಿಂತು, ಚಿತ್ರವು 1972ರಲ್ಲಿ ಇಂಗ್ಲೆಂಡಿನಲ್ಲಿಯೂ 1974ರಲ್ಲಿ ಅಮೆರಿಕದಲ್ಲಿಯೂ ಬೆಳಕು ಕಂಡಿತು. 1939ರಲ್ಲಿ ಡೊರೊಥಿಯಾಗಿ ನಟಿಸಿದವರು ಜೂಡಿ ಗಾರ್ಲೆಂಡ್. ಇಲ್ಲಿ ಡೊರೊಥಿಗೆ ಕಂಠ ಕೊಟ್ಟವರು ಅವರ ಮಗಳು ಲೈಜಾ ಮಿನೆಲಿ. ಅಂದು ದುಷ್ಟ ಮಾಟಗಾತಿಯಾಗಿ ಮಕ್ಕಳನ್ನು ನಡುಗಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಇಲ್ಲಿ ಡೊರೊಥಿಯ ಅಕ್ಕರೆಯ ಚಿಕ್ಕಮ್ಮನ ದನಿಯಾಗಿದ್ದಾರೆ. ಶಾಲೆಗೆ ಮರಳಿ ಬಂದು ನಮ್ಮನ್ನು ಕಂಡು ಮುಗುಳುನಗುವ ಹಳೆಯ ವಿದ್ಯಾರ್ಥಿನಿಯರಿಗೆ ಈ ಮಾರ್ಪಾಟು ಅರ್ಥವಾದೀತು!

ಮೊದಲ ಚಿತ್ರದ ಕೊನೆಯಲ್ಲಿ ಬೆದರುಬೊಂಬೆಗೆ ಪದವೀಪತ್ರವೂ ಅಂಜುಬುರುಕ ಸಿಂಹಕ್ಕೆ ಧೈರ್ಯದ ಪದಕವೂ ದೊರೆಯುತ್ತವೆ. ಇನ್ನೇನು, ಸಿಂಹದ ಅಂಜಿಕೆ ತೀರಿತೆಂದು ಮಕ್ಕಳು ನಂಬುತ್ತಾರೆ. ಎರಡನೆಯ ಚಿತ್ರದಲ್ಲಿ ಮೊಂಬಿ ಎಂಬ ಮಾಟಗಾತಿಯು ಹಸುರು ಆನೆಗಳ ಸೈನ್ಯದೊಡನೆ ಪಚ್ಚೆಯ ಪಟ್ಟಣದ ಮೇಲೇರಿ ಬಂದು ಬೆದರುಬೊಂಬೆಯನ್ನು ಸೆರೆಹಿಡಿಯುತ್ತಾಳೆ. ಡೊರೊಥಿ ನೆರವು ಬೇಡಿದರೆ ತಗಡಿನ ಮನುಷ್ಯನು ಒಲ್ಲೆನೆನ್ನುತ್ತಾನೆ. ಸಿಂಹವು ಮೊದಲು ಒಪ್ಪಿ, ಆನೆಗಳ ಸುದ್ದಿ ಕೇಳಿದೊಡನೆ ಹಿಂಜರಿಯುತ್ತದೆ.

ಇದನ್ನು ನೋಡಿದಾಗ ನಮಗೆ ಒಬ್ಬ ಹಳೆಯ ವಿದ್ಯಾರ್ಥಿನಿಯ ನೆನಪಾಯಿತು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿದ್ದ ಆಕೆ ಮದುವೆಯಾದ ಕೆಲವು ವರ್ಷಗಳ ಮೇಲೆ ನಮ್ಮಲ್ಲಿಗೆ ಬಂದು, “ಅಮ್ಮಾ, ನೀವು ಕೊಟ್ಟ ಪದಕ ಪೆಟ್ಟಿಗೆಯಲ್ಲಿದೆ. ನಾಲ್ಕು ಜನರೆದುರು ಬಾಯಿ ತೆರೆಯುವ ಧೈರ್ಯ ಎಲ್ಲಿ ಹೋಯಿತೋ ಕಾಣೆ” ಎಂದು ಕಣ್ಣೀರಿಟ್ಟಳು. ಅಂದು ನಾವು ತಕ್ಕ ಉತ್ತರ ಕೊಡಲಿಲ್ಲ. ವರ್ಷ ವರ್ಷವೂ ಪದಕ ಹಂಚುವ ನಾವು, ಧೈರ್ಯವನ್ನು ಮತ್ತೆ ಮತ್ತೆ ಗಳಿಸಬೇಕಾಗುವುದೆಂದು ಬಾಲಿಕೆಯರಿಗೆ ಹೇಳಿರಲಿಲ್ಲ. ಅದು ನಮ್ಮ ತಪ್ಪು.

ಡೊರೊಥಿ ಕುಂಬಳಕಾಯಿ ತಲೆಯವನನ್ನೂ ಮರದ ಕುದುರೆಯನ್ನೂ ಜೊತೆಗಿಟ್ಟುಕೊಂಡು ಮುಂದುವರಿಯುತ್ತಾಳೆ. ಕೊನೆಗೆ ಆನೆಗಳನ್ನು ದಿಕ್ಕುಗೆಡಿಸಿದ್ದು ಸಿಂಹದ ಗರ್ಜನೆಯಲ್ಲ. ಗ್ಲಿಂಡಾ ದೇವತೆ ಕೊಟ್ಟಿದ್ದ ಪುಟ್ಟ ಪೆಟ್ಟಿಗೆಯೊಳಗಿನ ಇಲಿಗಳು.

1939ರ ಚಿತ್ರದ ಸೊಬಗು ಇದಕ್ಕಿಲ್ಲವೆಂದು ಒಪ್ಪುತ್ತೇವೆ. ಆದರೂ ತಾಯ್ತಂದೆಗಳು ಎರಡನ್ನೂ ತೋರಿಸಲಿ. ಪದಕ ಪಡೆದ ಸಿಂಹ ಮತ್ತೆ ಹೆದರಿದ್ದೇಕೆಂದು ಮಗುವನ್ನು ಕೇಳಲಿ, ಉತ್ತರವನ್ನು ತಾಳ್ಮೆಯಿಂದ ಆಲಿಸಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಗೆದ್ದ ಸುದ್ದಿಯಿದ್ದಾಗ ಮಾತ್ರವಲ್ಲ, ಧೈರ್ಯ ಕುಂದಿದಾಗಲೂ ಶಾಲೆಗೆ ಬನ್ನಿರಿ. ಬಾಗಿಲು ತೆರೆದಿದೆ.