ಅಂಕಲ್ ಪೈ ಊರಿನ ಅಂಗಡಿಯಲ್ಲಿ ಮಕ್ಕಳ ಪುಸ್ತಕ ಎಲ್ಲಿದೆ?

ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಈಗ ಏನುಂಟು, ಏನಿಲ್ಲ? ಚಿಪ್ಸ್ ಉಂಟು, ಕೂಲ್‌ಡ್ರಿಂಕ್ ಉಂಟು, ಮೊಬೈಲಿನ ಕವರೂ ಉಂಟು. ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಮಕ್ಕಳ ಚಿತ್ರಕಥೆಯನ್ನು ಮಾತ್ರ ಹುಡುಕಬೇಕು. ಬೇರೆ ಊರಾದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಕಾರ್ಕಳದ ಮಟ್ಟಿಗೆ ಹಾಗೆ ಅನ್ನಲು ಬರುವುದಿಲ್ಲ. ದೇಶದ ಮಕ್ಕಳಿಗೆಲ್ಲ ಚರಿತ್ರೆಯನ್ನು ಕಥೆ ಮಾಡಿ ಓದಿಸಿದ ಅನಂತ ಪೈ ಹುಟ್ಟಿದ್ದು ಇದೇ ಊರಿನಲ್ಲಿ, 1929ರಲ್ಲಿ.

ಎಳೆಯ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ ಅವರು. ಹನ್ನೆರಡರ ಸುಮಾರಿಗೆ ಮುಂಬಯಿ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ಓಡಿದ್ದು ಪುಸ್ತಕದ ಕಡೆಗೆ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾದಾಗ ಅದರ ಕೆಲಸದಲ್ಲಿ ಪೈ ಇದ್ದರು. ಮಕ್ಕಳು ಫ್ಯಾಂಟಮ್‌ಗೆ ಮುಗಿಬಿದ್ದದ್ದನ್ನು ಅವರು ಹತ್ತಿರದಿಂದ ನೋಡಿದವರು.

ದೆಹಲಿಯಲ್ಲಿ ಮಾತ್ರ ಟಿ.ವಿ. ಇದ್ದ ಕಾಲ, 1967. ಅಲ್ಲೊಂದು ಅಂಗಡಿಯಲ್ಲಿ ಪೈ ಕಂಡ ರಸಪ್ರಶ್ನೆ ಕಾರ್ಯಕ್ರಮದ ಕಥೆಯನ್ನು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಗ್ರೀಕ್ ದೇವರುಗಳ ಬಗ್ಗೆ ಪಟಪಟನೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿ ಯಾರು ಅಂತ ಕೇಳಿದರೆ ಬಾಯಿ ಬರಲಿಲ್ಲವಂತೆ. ಅದೇ ವರ್ಷ ಇಂಡಿಯಾ ಬುಕ್ ಹೌಸ್‌ನಿಂದ ಪೈ ಅವರ ಸಂಪಾದಕತ್ವದಲ್ಲಿ ಅಮರ ಚಿತ್ರಕಥೆ ಬಂತು. ಅಶೋಕ, ರಾಣಾ ಪ್ರತಾಪ, ಶಿವಾಜಿ, ಝಾನ್ಸಿ ರಾಣಿ, ಎಲ್ಲರೂ ಮೂವತ್ತೆರಡು ಪುಟದೊಳಗೆ ಬಂದು ಕೂತರು.

ಇಲ್ಲಿ ಕನ್ನಡಿಗರು ಮರೆತ ಒಂದು ಸಂಗತಿ ಉಂಟು. ಪೈ ಅವರ ಮೊದಲ ಪುಸ್ತಕ ‘ಕೃಷ್ಣ’. ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಮೊದಲ ಹತ್ತು ಸಂಖ್ಯೆ ವಿದೇಶದ ಕಿನ್ನರ ಕಥೆಗಳಿಗೆ ಹೋಗಿತ್ತು. ಆ ಚಿತ್ರಕಥೆಗಳನ್ನು 1965ರ ಹೊತ್ತಿಗೆ ಕನ್ನಡದಲ್ಲಿ ತರಲು ಮುಂದಾದವರು ಅದೇ ಸಂಸ್ಥೆಯ ಬೆಂಗಳೂರು ಕಡೆಯ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್. ಅಂದರೆ ಈ ಬೀಜ ಬಿದ್ದದ್ದು ಪಂಡಿತರ ಸಭೆಯಲ್ಲಲ್ಲ, ಗಿರಾಕಿಯ ನಾಡಿ ಹಿಡಿದ ವ್ಯಾಪಾರಿಯ ತಲೆಯಲ್ಲಿ. ಅಂಗಡಿಯವರು ಹೆಮ್ಮೆಪಡಬೇಕಾದ ವಿಷಯ ಇದು. ಶುರುವಿಗೆ ವ್ಯಾಪಾರ ಕುದುರಲಿಲ್ಲ, ಪೈ ತಾವೇ ಮಾರಾಟಕ್ಕೆ ಓಡಾಡಿದರು. ಆಮೇಲೆ ನಾನೂರಕ್ಕೂ ಮಿಕ್ಕಿ ಪುಸ್ತಕ ಬಂದವು, ಕೋಟಿಗಟ್ಟಲೆ ಪ್ರತಿ ಹೋದವು. 1980ರಲ್ಲಿ ಟಿಂಕಲ್ ಬಂತು. ಪೈ ದೇಶಕ್ಕೆಲ್ಲ ‘ಅಂಕಲ್ ಪೈ’ ಆದರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು.

ಎಲ್ಲವೂ ಸರಿಯಿತ್ತು ಅಂತಲ್ಲ. ವೀರರೆಲ್ಲ ಬೆಳ್ಳಗೆ, ದುಷ್ಟರೆಲ್ಲ ಕಪ್ಪಗೆ. ರಾಜನ ಕಥೆ ದೊಡ್ಡದು, ರೈತನ ಕಥೆ ಸಣ್ಣದು ಅಂತ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿದೆ. ಚರಿತ್ರೆ ಬೇರೆ, ಚರಿತ್ರೆಯ ಮೇಲೆ ಕಟ್ಟಿದ ಕಥೆ ಬೇರೆ. ಅದನ್ನು ಮಗುವಿಗೆ ಬಿಡಿಸಿ ಹೇಳುವ ಕೆಲಸ ಮೇಷ್ಟ್ರದ್ದು, ಮನೆಯವರದ್ದು. ಆದರೆ ತಪ್ಪು ಹುಡುಕಲಿಕ್ಕಾದರೂ ಮಗು ಮೊದಲು ಪುಸ್ತಕ ಬಿಡಿಸಬೇಕಲ್ಲ? ಕೈಯಲ್ಲಿ ಮೊಬೈಲು ಹಿಡಿದ ಮಗುವಿನ ಮುಂದೆ ಪುಸ್ತಕವನ್ನೇ ಇಡದೆ, ಈಗಿನ ಮಕ್ಕಳು ಓದುವುದಿಲ್ಲ ಅಂತ ಗೊಣಗಿದರೆ ಏನು ಬಂತು?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಬೆಟ್ಟದ ಮೇಲೆ 1432ರಿಂದ ಗೊಮ್ಮಟ ನಿಂತಿದ್ದಾನೆ. 1586ರ ಚತುರ್ಮುಖ ಬಸದಿ ಎದುರಿಗೇ ಇದೆ. ಪೋರ್ಚುಗೀಸರಿಗೆ ಬಗ್ಗದ ರಾಣಿ ಅಬ್ಬಕ್ಕನ ಉಳ್ಳಾಲ ಬಸ್ಸಿನ ದಾರಿಯಲ್ಲಿದೆ. ಕಥೆಗೆ ಬರಗಾಲ ಇಲ್ಲ. ಅದನ್ನು ಮಗುವಿನ ಕೈಗೆ ದಾಟಿಸುವವರಿಗೆ ಬರಗಾಲ.

ದುಡ್ಡಿನ ಮಾತಿಗೂ ಬರೋಣ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಸೇರುತ್ತದೆ. ಕಟ್ಟಡದ ಯಜಮಾನ ಕಟ್ಟಿದರೂ ಕೊನೆಗೆ ಅದು ಬಾಡಿಗೆಯ ಲೆಕ್ಕಕ್ಕೇ ಬರುವುದು ಅಂಗಡಿಯವರಿಗೆ ಗೊತ್ತಿಲ್ಲದ್ದೇನಲ್ಲ. ಆ ದುಡ್ಡಿನಲ್ಲಿ ಮಕ್ಕಳ ಪುಸ್ತಕ ಎಷ್ಟು ಬಂತು, ಯಾವ ಕಪಾಟಿನಲ್ಲಿದೆ, ಕಪಾಟಿಗೆ ಬೀಗ ಇದೆಯೋ ಇಲ್ಲವೋ ಅಂತ ಲೈಬ್ರರಿಗೆ ಹೋಗಿ ಕೇಳಲು ಯಾರ ಅಪ್ಪಣೆಯೂ ಬೇಡ. ರಶೀದಿಯೇ ಅಪ್ಪಣೆ.

ಇನ್ನು ಅಂಗಡಿಯವರ ಪಾಲಿನ ಕೆಲಸ: ಚಿಪ್ಸಿನ ಸರದ ಪಕ್ಕ ಒಂದು ಹಗ್ಗ, ಹತ್ತು ಕನ್ನಡ ಪುಸ್ತಕ. ಎಲ್ಲ ಖರ್ಚಾಗದಿದ್ದರೂ ಕೊಳೆಯುವ ಸರಕಲ್ಲ. ಉಡುಪಿಗೆ ಹೊರಟ ಬಸ್ಸಿನ ಕಿಟಕಿ ಪಕ್ಕ ಕೂತ ಹುಡುಗಿ ಅದರಲ್ಲೊಂದನ್ನು ಕೊಂಡು ಊರು ತಲುಪುವಷ್ಟರಲ್ಲಿ ಓದಿ ಮುಗಿಸಿದರೆ, ಅಂಕಲ್ ಪೈ ಅವರ ಊರು ತನ್ನ ಸಾಲ ಸ್ವಲ್ಪ ತೀರಿಸಿದಂತೆ.