ಚಿಲಕ ತೆಗೆಯುವವರು ಯಾರು?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ಮೇಷ್ಟ್ರು ಮನೆಗೆ ಬಂದರು. ಮುಖ ಗಂಟಾಗಿತ್ತು. ಕಾಫಿ ಕೂಡ ಬೇಡವೆಂದರು. "ನನ್ನ ಮಗ ಸುಳ್ಳು ಹೇಳೋದು ಕಲಿತಿದ್ದಾನೆ ಸಾರ್. ನೀವೇ ಬಂದು ಸ್ವಲ್ಪ ಬುದ್ಧಿ ಹೇಳಬೇಕು" ಎಂದರು.

ವಿಷಯ ಇಷ್ಟು. ಅವರ ಮನೆಯ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ 'ಫೈರ್‌ವಾಲ್ ಆಫ್ ಆಗಿದೆ' ಎಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಮೇಷ್ಟ್ರು ಆನ್ ಮಾಡುತ್ತಾರೆ. ಮರುದಿನ ನೋಡಿದರೆ ಮತ್ತೆ ಆಫ್! ಮಗ ಎರಡನೇ ಪಿಯುಸಿ. ಆಟ ಆಡುವುದಕ್ಕೆ ಅಡ್ಡಿಯಾಗುತ್ತದೆಂದು ಅವನೇ ಆಫ್ ಮಾಡುತ್ತಿದ್ದಾನೆ ಎಂಬುದು ಅಪ್ಪನ ತೀರ್ಮಾನ. 'ನಾನು ಮುಟ್ಟಿಲ್ಲ' ಎಂಬುದು ಮಗನ ಹಠ. ಒಂದು ವಾರದಿಂದ ಅಪ್ಪ ಮಗನ ನಡುವೆ ಮಾತಿಲ್ಲ. ಮೇಷ್ಟ್ರ ಬ್ಯಾಂಕ್ ವ್ಯವಹಾರ, ಮಗನ ಸಿಇಟಿ ಅರ್ಜಿ ಎಲ್ಲವೂ ಅದೇ ಕಂಪ್ಯೂಟರಿನಲ್ಲಿ. ಹಾಗಾಗಿ ಅವರ ಆತಂಕ ಸುಳ್ಳಲ್ಲ.

ಅವರ ಮನೆಗೆ ಹೋಗುವ ಮೊದಲು ಈ ಫೈರ್‌ವಾಲ್ ಎಂದರೇನು ಎಂದು ನೋಡೋಣ. ಹೆಸರಿಗೆ ಅದು ಬೆಂಕಿ ತಡೆಯುವ ಗೋಡೆ. ಕಂಪ್ಯೂಟರಿನಲ್ಲಿ ಅದರ ಕೆಲಸ ಮಾತ್ರ ಬಾಗಿಲು ಕಾಯುವವನದು. ಇಂಟರ್‌ನೆಟ್ ಸಂಪರ್ಕಕ್ಕೆಂದು ಪ್ರತಿ ಕಂಪ್ಯೂಟರಿಗೂ 0ಯಿಂದ 65,535ರವರೆಗೆ ಸಂಖ್ಯೆ ಹಾಕಿದ ಬಾಗಿಲುಗಳಿವೆ. ಇವಕ್ಕೆ ಪೋರ್ಟ್ ಎಂದು ಹೆಸರು. ಇವು ಕಣ್ಣಿಗೆ ಕಾಣುವ ಬಾಗಿಲುಗಳಲ್ಲ, ಬರೀ ಲೆಕ್ಕದವು. ನೀವು ಕರೆಯದೆ ಹೊರಗಿನಿಂದ ಯಾರಾದರೂ ಬಂದು ಬಾಗಿಲು ತಟ್ಟಿದರೆ ತೆರೆಯದಿರುವುದೇ ಫೈರ್‌ವಾಲಿನ ಮುಖ್ಯ ಕೆಲಸ. ಒಳಗಿನಿಂದ ಹೊರಗೆ ಹೋಗುವವರನ್ನು ವಿಂಡೋಸ್‌ನ ಫೈರ್‌ವಾಲ್ ಸಾಮಾನ್ಯವಾಗಿ ತಡೆಯುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗೋಡೆ ಇದ್ದರೆ ಸಾಲದು, ಚಿಲಕ ಹಾಕಿರಬೇಕು. ಈ ಪಾಠವನ್ನು ಕಂಪ್ಯೂಟರ್ ಜಗತ್ತು ದುಬಾರಿ ಬೆಲೆ ಕೊಟ್ಟು ಕಲಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ವರ್ಮ್ ಹಬ್ಬಿತು. ಅದು ಅಂಟಿಕೊಳ್ಳಲು ಯಾವ ಈಮೇಲನ್ನೂ ತೆರೆಯಬೇಕಿರಲಿಲ್ಲ, ದೋಷ ಸರಿಪಡಿಸದ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಜೋಡಿಸಿದರೆ ಸಾಕಿತ್ತು. 135ನೇ ಬಾಗಿಲಿನಿಂದ ಒಳನುಗ್ಗಿ, ಒಂದು ನಿಮಿಷದ ಗಡುವು ತೋರಿಸಿ, ಕಂಪ್ಯೂಟರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿಸುತ್ತಿತ್ತು. ಮೈಕ್ರೋಸಾಫ್ಟ್ ಎಚ್ಚೆತ್ತುಕೊಂಡು 2004ರ ಆಗಸ್ಟಿನಲ್ಲಿ ಕೊಟ್ಟ ಎರಡನೇ ಸರ್ವಿಸ್ ಪ್ಯಾಕ್‌ನಲ್ಲಿ ಫೈರ್‌ವಾಲನ್ನು ತಾನಾಗಿಯೇ ಆನ್ ಆಗಿರುವಂತೆ ಮಾಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನಿ.

ಈಗ ಮೇಷ್ಟ್ರ ಮನೆಗೆ ಹೋಗೋಣ. ಫೈರ್‌ವಾಲ್ ಪದೇ ಪದೇ ಆಫ್ ಆಗುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳಿರುತ್ತವೆ. ಸರಳವಾದದ್ದರಿಂದ ಶುರು ಮಾಡಿದೆವು.

ಮೊದಲನೆಯದು, ಬೇರೆ ಆಂಟಿವೈರಸ್. ಕೆಲವು ಆಂಟಿವೈರಸ್‌ಗಳು ತಮ್ಮದೇ ಫೈರ್‌ವಾಲ್ ತರುತ್ತವೆ. ಆಗ ವಿಂಡೋಸ್ ತನ್ನದನ್ನು ಬದಿಗೆ ಸರಿಸಿ ಕೆಲಸ ಬಿಟ್ಟುಕೊಡುತ್ತದೆ. ಇದು ದೋಷವಲ್ಲ. ಆದರೆ ಆಂಟಿವೈರಸ್‌ನ ಅವಧಿ ಮುಗಿದಿದ್ದರೆ, ಅಥವಾ ಅದನ್ನು ಅರ್ಧಂಬರ್ಧ ತೆಗೆದುಹಾಕಿದ್ದರೆ ಎರಡೂ ಇಲ್ಲದಂತಾಗಬಹುದು. 'ವಿಂಡೋಸ್ ಸೆಕ್ಯುರಿಟಿ' ತೆರೆದರೆ ಕಾವಲಿನ ಹೊಣೆ ಯಾರದು ಎಂದು ತಿಳಿಯುತ್ತದೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಬೇರೆ ಆಂಟಿವೈರಸ್ ಇರಲಿಲ್ಲ.

ಎರಡನೆಯದು, ಮೂರು ಸ್ವಿಚ್ಚುಗಳ ಗೊಂದಲ. ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಬಗೆಯ ಸಂಪರ್ಕಗಳಿಗೆ ವಿಂಡೋಸ್ ಬೇರೆ ಬೇರೆ ಸ್ವಿಚ್ ಇಟ್ಟಿದೆ. ಮನೆಯ ವೈಫೈ ಪ್ರೈವೇಟ್ ಆಗಿದ್ದು, ಮೊಬೈಲ್ ಹಾಟ್‌ಸ್ಪಾಟ್ ಪಬ್ಲಿಕ್ ಆಗಿದ್ದರೆ, ಒಂದರಲ್ಲಿ ಆನ್ ಮಾಡಿದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ನೋಡುವವರಿಗೆ ತಾನಾಗಿಯೇ ಆಫ್ ಆದಂತೆ ಕಾಣುತ್ತದೆ. ಮೂರನ್ನೂ ಆನ್ ಮಾಡಿ ರೀಸ್ಟಾರ್ಟ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಮೂರೂ ಆಫ್!

ಮೂರನೆಯದು, ಸೇವೆಗಳು. 'ಸರ್ವಿಸಸ್' ಪಟ್ಟಿಯಲ್ಲಿ 'ವಿಂಡೋಸ್ ಡಿಫೆಂಡರ್ ಫೈರ್‌ವಾಲ್' ಮತ್ತು 'ಬೇಸ್ ಫಿಲ್ಟರಿಂಗ್ ಎಂಜಿನ್' ಎಂಬ ಎರಡು ಹೆಸರುಗಳಿರುತ್ತವೆ. ಎರಡರ ಮುಂದೆಯೂ 'ರನ್ನಿಂಗ್', 'ಆಟೊಮ್ಯಾಟಿಕ್' ಎಂದಿರಬೇಕು. ಎರಡನೆಯದು ನಿಂತರೆ ಮೊದಲನೆಯದು ಏಳಲಾರದು. ಇಲ್ಲಿ ಎರಡೂ ಸರಿಯಾಗಿದ್ದವು.

ಉಳಿದದ್ದು ನಾಲ್ಕನೆಯ ಕಾರಣ: ಯಾರೋ ಬೇಕೆಂದೇ ಆಫ್ ಮಾಡುತ್ತಿದ್ದಾರೆ. "ನಾನು ಹೇಳಲಿಲ್ಲವೇ?" ಎಂಬಂತೆ ಮೇಷ್ಟ್ರು ಮಗನತ್ತ ನೋಡಿದರು. ಹುಡುಗ ತಲೆ ತಗ್ಗಿಸಿದ.

"ಒಂದು ನಿಮಿಷ ಇರಿ ಮೇಷ್ಟ್ರೇ, ಸಾಕ್ಷಿ ಕೇಳೋಣ" ಎಂದೆ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇದು. ಫೈರ್‌ವಾಲನ್ನು ಯಾವಾಗ, ಯಾರ ಹೆಸರಿನಲ್ಲಿ, ಯಾವ ತಂತ್ರಾಂಶ ಬದಲಾಯಿಸಿತು ಎಂದು ವಿಂಡೋಸ್ ತನ್ನ ಕಡತದಲ್ಲಿ ಬರೆದಿಡುತ್ತದೆ. 'ಈವೆಂಟ್ ವ್ಯೂವರ್' ತೆರೆದು, 'ಅಪ್ಲಿಕೇಶನ್ಸ್ ಅಂಡ್ ಸರ್ವಿಸಸ್ ಲಾಗ್ಸ್', ಅದರಲ್ಲಿ 'ಮೈಕ್ರೋಸಾಫ್ಟ್', ಅದರಲ್ಲಿ 'ವಿಂಡೋಸ್', ಅದರಲ್ಲಿ 'ವಿಂಡೋಸ್ ಫೈರ್‌ವಾಲ್ ವಿತ್ ಅಡ್ವಾನ್ಸ್‌ಡ್ ಸೆಕ್ಯುರಿಟಿ', ಕೊನೆಗೆ 'ಫೈರ್‌ವಾಲ್' ಎಂದು ಹೋದರೆ ಆ ಕಡತ ಸಿಗುತ್ತದೆ.

ಒಂದು ವಾರದ ದಾಖಲೆ ಓದಿದೆವು. ಪ್ರತಿ ಸಲವೂ ಲಾಗಿನ್ ಆಗಿ ಎರಡು ನಿಮಿಷದೊಳಗೆ ಫೈರ್‌ವಾಲ್ ಆಫ್ ಆಗಿತ್ತು. ಮಂಗಳವಾರದ್ದು ಬೆಳಿಗ್ಗೆ 10.42. "ಆಗ ನಾನು ಫಿಸಿಕ್ಸ್ ಪ್ರಾಕ್ಟಿಕಲ್ಸ್‌ನಲ್ಲಿದ್ದೆ ಅಂಕಲ್" ಎಂದ ಹುಡುಗ. ಅಡುಗೆ ಮನೆಯಿಂದ ಅವನ ಅಮ್ಮನ ದನಿ ಬಂತು: "ಹೌದಲ್ಲ, ಅವತ್ತು ಕರೆಂಟ್ ಬಿಲ್ ಕಟ್ಟೋಕೆ ಕಂಪ್ಯೂಟರ್ ಹಾಕಿದ್ದು ನಾನೇ." ಆಫ್ ಮಾಡಿದವರು ಯಾರು ಎಂಬ ಕಡೆ ಇದ್ದದ್ದು ಯಾರ ಹೆಸರು ಗೊತ್ತೆ? ಮೇಷ್ಟ್ರದೇ! ಮನೆಮಂದಿಯೆಲ್ಲ ಬಳಸುತ್ತಿದ್ದುದು ಅವರ ಹೆಸರಿನ ಒಂದೇ ಖಾತೆಯನ್ನು.

ಲಾಗಿನ್ ಆದೊಡನೆ ನಡೆಯುವ ಕೆಲಸವೆಂದ ಮೇಲೆ ಅದಕ್ಕೊಂದು ವೇಳಾಪಟ್ಟಿ ಇರಬೇಕು. 'ಟಾಸ್ಕ್ ಶೆಡ್ಯೂಲರ್' ತೆರೆದೆವು. ಅಪರಿಚಿತ ಹೆಸರಿನ ಒಂದು ಕೆಲಸ ಅಲ್ಲಿ ಕುಳಿತಿತ್ತು. ಅದು ಹುಟ್ಟಿದ ದಿನಾಂಕ ಇಪ್ಪತ್ತು ದಿನಗಳ ಹಿಂದಿನದು. ಅಂದರೆ, ಹಾರ್ಡ್‌ಡಿಸ್ಕ್ ಕೆಟ್ಟಿತೆಂದು ಅಂಗಡಿಗೆ ಕೊಟ್ಟು, ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದ ದಿನ. ಅಂಗಡಿಯವರು ಲೈಸೆನ್ಸ್ ಕೇಳದಂತೆ ಮಾಡುವ ಕಳ್ಳ 'ಆಕ್ಟಿವೇಟರ್' ಒಂದನ್ನೂ ಜೊತೆಗೆ ಹಾಕಿ ಕಳಿಸಿದ್ದರು. ಬಾಗಿಲ ಚಿಲಕ ತೆಗೆಯುತ್ತಿದ್ದುದು ಅದೇ. ಇಂಥ ತಂತ್ರಾಂಶಗಳು ಕಾವಲುಗಾರನನ್ನು ಮಲಗಿಸಿಯೇ ಕೆಲಸ ಶುರು ಮಾಡುತ್ತವೆ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ವರ್ಮ್ ಕೂಡ ಒಳಹೊಕ್ಕ ಮೇಲೆ ವಿಂಡೋಸ್ ಅಪ್‌ಡೇಟ್, ಸೆಕ್ಯುರಿಟಿ ಸೆಂಟರ್‌ಗಳನ್ನು ನಿಲ್ಲಿಸುತ್ತಿತ್ತು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಮೇಷ್ಟ್ರು ಆ ಕಂಪ್ಯೂಟರ್ ಕೊಂಡಾಗ ಅಸಲಿ ವಿಂಡೋಸ್ ಸಮೇತವೇ ಬಂದಿತ್ತು. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ, ಕಂಪನಿಗಳು ವಿಂಡೋಸ್ ಹಾಕಿ ಮಾರುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಲೈಸೆನ್ಸ್ ಕೀಲಿ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ. ಹಾರ್ಡ್‌ಡಿಸ್ಕ್ ಬದಲಾದರೂ ಅದು ಹೋಗುವುದಿಲ್ಲ. ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನಾಗಿಯೇ ಗುರುತು ಹಿಡಿಯುತ್ತದೆ. ಕೈಯಲ್ಲಿ ಅಸಲಿ ಕೀಲಿ ಇದ್ದೂ ಕಳ್ಳಕೀಲಿ ಹಾಕಿಸಿಕೊಂಡಂತಾಗಿತ್ತು.

ಆ ಕೆಲಸವನ್ನು ಪಟ್ಟಿಯಿಂದ ಅಳಿಸಿ, 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ನಡೆಸಿದೆವು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು ಹದಿನೈದು ನಿಮಿಷ ನಡೆಯುವ ಶೋಧ ಇದು. 'ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್' ಒತ್ತಿದೆವು. ಫೈರ್‌ವಾಲ್ ಆನ್ ಆಗಿ ನಿಂತಿತು.

ಆದರೆ ಅಷ್ಟಕ್ಕೆ ಬಿಡಲಿಲ್ಲ. ಮೇಲೆ ನೆನಪಿರಲಿ ಎಂದೆನಲ್ಲ, ಒಳಗಿರುವವನು ಹೊರಗೆ ಸುದ್ದಿ ಕಳಿಸುವುದನ್ನು ಫೈರ್‌ವಾಲ್ ತಡೆಯುವುದಿಲ್ಲ. ಇಪ್ಪತ್ತು ದಿನ ಮನೆಯೊಳಗಿದ್ದ ಕಳ್ಳ ಇನ್ನೆಲ್ಲಿ ಏನು ಬಚ್ಚಿಟ್ಟಿದ್ದಾನೋ ಹೇಗೆ ನಂಬುವುದು? ಫೋಟೊ, ನೋಟ್ಸ್‌ಗಳನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು, ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಂಡ ವಿಂಡೋಸನ್ನು ಹೊಸದಾಗಿ ಹಾಕಿದೆವು. ಬ್ಯಾಂಕ್, ಈಮೇಲ್ ಪಾಸ್‌ವರ್ಡುಗಳನ್ನು ಫೋನಿನಿಂದ ಬದಲಾಯಿಸಿದೆವು. ಖಾತೆಯಿಂದ ಹಣ ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಸೈಬರ್ ವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ತಂದೆತಾಯಂದಿರಿಗೆ ಒಂದು ಮಾತು. ಮನೆಯ ಕಂಪ್ಯೂಟರಿನಲ್ಲಿ 'ಅಡ್ಮಿನಿಸ್ಟ್ರೇಟರ್' ಖಾತೆ ಒಂದೇ ಇರಲಿ, ಅದರ ಪಾಸ್‌ವರ್ಡ್ ನಿಮ್ಮ ಬಳಿಯಿರಲಿ. ದಿನದ ಬಳಕೆಗೆ ಪ್ರತಿಯೊಬ್ಬರಿಗೂ 'ಸ್ಟಾಂಡರ್ಡ್' ಖಾತೆ ಸಾಕು, ನಿಮಗೂ ಸಹ! ಆ ಖಾತೆಯಿಂದ ಫೈರ್‌ವಾಲ್ ಆಫ್ ಮಾಡಲು ಮನುಷ್ಯರಿಗೂ ಆಗದು, ಅವರ ಹೆಸರಿನಲ್ಲಿ ಓಡುವ ತಂತ್ರಾಂಶಕ್ಕೂ ಸುಲಭವಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು. ಯಾವುದೇ ಆಟವಾಗಲಿ, ತಂತ್ರಾಂಶವಾಗಲಿ 'ಮೊದಲು ಆಂಟಿವೈರಸ್, ಫೈರ್‌ವಾಲ್ ಆಫ್ ಮಾಡಿ' ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮನೆಗೆ ಬರುವ ನೆಂಟರು ಯಾರೂ 'ಮೊದಲು ನಾಯಿಯನ್ನು ಕೊಂದುಹಾಕಿ' ಎನ್ನುವುದಿಲ್ಲ.

ಅಂದ ಹಾಗೆ, ಅಂದು ನಾನು ಹೊರಡುವಾಗ ಮೇಷ್ಟ್ರು ಗೇಟಿನವರೆಗೆ ಬಂದರು. ಏನೋ ಹೇಳಲು ಹೋಗಿ ಸುಮ್ಮನಾದರು. ಮರುದಿನ ಸಂಜೆ ಅಪ್ಪ, ಮಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಪೇಟೆಯ ಕಡೆ ಹೋಗುವುದು ಕಂಡಿತು. ಹಿಂದೆ ಕುಳಿತಿದ್ದವರು ಮೇಷ್ಟ್ರು.