ಎಪಿಡ್ಯೂರಲ್‌ಗೆ ಮುನ್ನ ಏನನ್ನೂ ಮುಚ್ಚಿಡಬೇಡಿ



ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಗೆ ಹೆದರಬೇಕಾಗಿಲ್ಲ. ಗಂಭೀರ ತೊಂದರೆ ತೀರ ಅಪರೂಪ. ಅದರಿಂದ ಸಿಸೇರಿಯನ್ ಹೆಚ್ಚುತ್ತದೆ, ಜೀವನವಿಡೀ ಸೊಂಟನೋವು ಕಾಡುತ್ತದೆ ಎಂಬ ಮಾತುಗಳನ್ನು ಅಧ್ಯಯನಗಳು ಒಪ್ಪಿಲ್ಲ. ಆದರೆ ಕೆಲವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಅವರು ಯಾರೆಂದು ವೈದ್ಯರಿಗೆ ಮೊದಲೇ ಗೊತ್ತಾಗಬೇಕಾದರೆ ನೀವು ಬಾಯಿಬಿಟ್ಟು ಹೇಳಬೇಕು.

ಮುಖ್ಯವಾದದ್ದು ರಕ್ತ ತೆಳುವಾಗಿಸುವ ಔಷಧ. ಪದೇಪದೇ ಗರ್ಭಪಾತವಾದವರಿಗೆ, ಐವಿಎಫ್ ಮಾಡಿಸಿಕೊಂಡವರಿಗೆ ಹೊಟ್ಟೆಗೆ ಚುಚ್ಚಿಕೊಳ್ಳುವ ಎನಾಕ್ಸಪಾರಿನ್ ಇಂಜೆಕ್ಷನ್ ಬರೆದುಕೊಟ್ಟಿರುವುದುಂಟು. ಕಡಿಮೆ ಡೋಸ್ ಆದರೆ 12 ಗಂಟೆ, ಹೆಚ್ಚಿನ ಡೋಸ್ ಆದರೆ 24 ಗಂಟೆ ಕಳೆದ ಮೇಲಷ್ಟೇ ಬೆನ್ನಿಗೆ ಸೂಜಿ ಹಾಕುವುದು ವಾಡಿಕೆ. ಅವಸರ ಮಾಡಿದರೆ ಬೆನ್ನುಹುರಿಯ ಬಳಿ ರಕ್ತ ಕಟ್ಟಿ ಕಾಲಿನ ಶಕ್ತಿಯೇ ಹೋಗಬಹುದು. ಬಿಪಿ ಏರಿ ಪ್ಲೇಟ್‌ಲೆಟ್ ಇಳಿದವರಿಗೂ ಇದೇ ಅಪಾಯ. 70,000ಕ್ಕಿಂತ ಕೆಳಗಿದ್ದರೆ ಅನೇಕ ವೈದ್ಯರು ಹಿಂಜರಿಯುತ್ತಾರೆ.

ಬೆನ್ನುಮೂಳೆ ಸೊಟ್ಟಗಿದ್ದರೆ, ಅಲ್ಲಿ ಆಪರೇಷನ್ ಆಗಿದ್ದರೆ, ತೂಕ ತೀರ ಹೆಚ್ಚಿದ್ದರೆ ಸೂಜಿಗೆ ಸರಿಯಾದ ಜಾಗ ಸಿಗುವುದು ಕಷ್ಟ. ಬೆನ್ನಿನ ಮೇಲೆ ಹುಣ್ಣಿದ್ದರೆ ಸೋಂಕು ಒಳಗಿಳಿಯಬಹುದು. ಚುಚ್ಚುವಾಗ ಅಲುಗಾಡಿದರೆ ಒಳಪೊರೆ ತೂತಾಗಿ, ಎದ್ದು ಕೂತರೆ ತಲೆ ಸಿಡಿಯುವಂಥ ನೋವು ಬರಬಹುದು. ಸರಿಸುಮಾರು ನೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ನೋವಿನ ಅಲೆ ಬರುತ್ತಿದ್ದರೆ "ಡಾಕ್ಟ್ರೇ, ಸ್ವಲ್ಪ ನಿಲ್ಲಿ" ಎನ್ನಲು ಸಂಕೋಚ ಬೇಡ. ಔಷಧ ಒಳಹೋದ ಮೇಲೆ ಬಿಪಿ ಇಳಿಯುವುದುಂಟು. ಅಂಗಾತ ಮಲಗದೆ ಮಗ್ಗುಲಾಗಿ ಮಲಗಿ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳು ತವರಿಗೆ ಬರುತ್ತಾಳೆ, ರಿಪೋರ್ಟುಗಳು ಗಂಡನ ಊರಿನಲ್ಲೇ ಉಳಿಯುತ್ತವೆ. ಹೊಸ ಆಸ್ಪತ್ರೆಯವರಿಗೆ ಆಕೆಯ ಹಿಂದುಮುಂದು ತಿಳಿಯದು. ತಾಯಿ ಕಾರ್ಡ್, ರಕ್ತ ಪರೀಕ್ಷೆಯ ವರದಿ, ಔಷಧದ ಚೀಟಿಗಳೆಲ್ಲವೂ ಸೀಮಂತದ ಸೀರೆಯ ಜೊತೆಗೇ ಬರಲಿ. ಐವಿಎಫ್ ವಿಷಯ ನೆಂಟರಿಂದ ಮುಚ್ಚಿಡುವುದು ನಿಮ್ಮಿಷ್ಟ, ವೈದ್ಯರಿಂದ ಮುಚ್ಚಿಡಬೇಡಿ.

ಹೆರಿಗೆಯಾದ ಮೇಲೆ ಕಾಲಿನ ಜೋಮು ಕೆಲವು ಗಂಟೆಗಳಲ್ಲಿ ಇಳಿಯದಿದ್ದರೆ, ಮೂತ್ರ ಕಟ್ಟಿದರೆ, ಜ್ವರದ ಜೊತೆ ಬೆನ್ನುನೋವು ಬಂದರೆ "ಬಾಣಂತಿಗೆ ಇದೆಲ್ಲ ಮಾಮೂಲು" ಎಂದು ಸುಮ್ಮನಿರಬೇಡಿ. ತಕ್ಷಣ ವೈದ್ಯರಿಗೆ ತಿಳಿಸಿ.

ಎಪಿಡ್ಯೂರಲ್ ಬೇಕೋ ಬೇಡವೋ ಎಂಬುದು ಹೆರುವವಳ ತೀರ್ಮಾನ. ಆದರೆ ಆ ಮಾತುಕತೆ ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ ಶುರುವಾಗುವುದು ಬೇಡ. ಒಂಬತ್ತನೇ ತಿಂಗಳು ತುಂಬುವ ಮೊದಲೇ ಅರಿವಳಿಕೆ ತಜ್ಞರನ್ನು ಒಮ್ಮೆ ದಯವಿಟ್ಟು ಭೇಟಿ ಮಾಡಿ.